ಜಾಮೀನು ಸಿಕ್ಕಿತೆಂದು ಮರೆಯೋಣವೇ?

ಬ್ಯಾಡಗಿಯಿಂದ ಹಾವೇರಿಯ ಕಾಲೇಜಿಗೆ ಹೋಗುವಾಗ ಮೋಟೆಬೆನ್ನೂರು ಸಿಗುತ್ತದೆ. 1930ರ ದಂಡಿ ಯಾತ್ರೆಯಲ್ಲಿ ಗಾಂಧೀಜಿ ಜೊತೆ ನಡೆದ ಮೈಲಾರ ಮಹಾದೇವಪ್ಪನವರ ಊರು. ನಮಗೆಲ್ಲ ಹೆಮ್ಮೆ. ಆದರೆ 2021ರ ಫೆಬ್ರುವರಿ 13ರಂದು ಬೆಂಗಳೂರಿನ ಪರಿಸರ ಕಾರ್ಯಕರ್ತೆ ದಿಶಾ ರವಿ ಬಂಧನವಾದಾಗ ರಾಣೆಬೆನ್ನೂರಿನ ಗೆಳೆಯ, 'ನಮಗ್ಯಾಕ ಬೇಕಲೇ ಆ ಉಸಾಬರಿ?' ಅಂದ. ನಾನೂ ಸುಮ್ಮನಿದ್ದೆ.

ರೈತ ಹೋರಾಟ ಬೆಂಬಲಿಸುವ 'ಟೂಲ್‌ಕಿಟ್' ಹಂಚಿದರೆಂದು ದೇಶದ್ರೋಹದ ಆರೋಪ! ಹತ್ತು ದಿನಗಳ ಬಳಿಕ ದೆಹಲಿ ನ್ಯಾಯಾಲಯ ಜಾಮೀನು ನೀಡಿತು. ಸರ್ಕಾರದ ನೀತಿ ಒಪ್ಪಲಿಲ್ಲವೆಂದು ಯಾರನ್ನೂ ಜೈಲಿಗೆ ಹಾಕುವಂತಿಲ್ಲ ಎಂದಿತು. ಪ್ರಕರಣ ಮಾತ್ರ ಅಲ್ಲಿಗೇ ಮುಗಿಯಲಿಲ್ಲ.

ನಾವು ಮೆಣಸಿನಕಾಯಿ ಬೆಳೆಯುವವರ ಮಕ್ಕಳು. ರೈತರ ಪರ ನಿಂತವರ ಪರ ನಾವಲ್ಲದೆ ಇನ್ಯಾರು? ಆ ಆದೇಶ ಓದೋಣ, ಕಾಲೇಜಿನಲ್ಲಿ ಚರ್ಚಿಸೋಣ, ಹೆಸರು ಹಾಕಿ ಪತ್ರಿಕೆಗೆ ಬರೆಯೋಣ. ಸುಮ್ಮನಿದ್ದ ನಾನು ಈಗ ಬರೆದಿದ್ದೇನೆ. ನೀವು?