ಊರಿನ ನಕಾಶೆಯನ್ನು ಮಕ್ಕಳೇ ಬರೆಯಲಿ

ನಮ್ಮ ಶಾಲೆಗಳ ಮಕ್ಕಳು ಕೂಡಲಸಂಗಮಕ್ಕೆ ಪ್ರವಾಸ ಹೋಗುತ್ತಾರೆ. ಬಾವಿಯಂಥ ಕಟ್ಟಡದೊಳಗೆ ಮೆಟ್ಟಿಲಿಳಿದು ಬಸವಣ್ಣನವರ ಐಕ್ಯಮಂಟಪಕ್ಕೆ ಶರಣು ಮಾಡುತ್ತಾರೆ, ಫೋಟೊ ತೆಗೆಸಿಕೊಂಡು ಬಸ್ಸು ಹತ್ತುತ್ತಾರೆ. ಇಷ್ಟು ಕೆಳಗೆ ಏಕೆ ಇಳಿದೆವು, ಸುತ್ತಲಿನ ನೀರು ಎಲ್ಲಿಂದ ಬಂತು ಎಂದು ಕೇಳುವ ಮಗು ಅಪರೂಪ. ಕೇಳಿದರೆ ವಿವರಿಸುವ ಶಿಕ್ಷಕರು ಇನ್ನೂ ಅಪರೂಪ.

ಆ ಪ್ರಶ್ನೆಗೆ ಉತ್ತರ ಹೇಳಹೊರಟರೆ ಭೂಗೋಳದ ಒಳ್ಳೆಯ ಪಾಠವೇ ಆಗುತ್ತದೆ. ಖಾನಾಪುರ ತಾಲ್ಲೂಕಿನ ಕಣಕುಂಬಿಯಲ್ಲಿ ಹುಟ್ಟುವ ಮಲಪ್ರಭೆ ಪೂರ್ವಕ್ಕೆ ಹರಿದು ಸಂಗಮದಲ್ಲಿ ಕೃಷ್ಣೆಯನ್ನು ಕೂಡಿ ಕೊನೆಗೆ ಬಂಗಾಳ ಕೊಲ್ಲಿ ಸೇರುತ್ತಾಳೆ. ಅದೇ ತಾಲ್ಲೂಕಿನ ಮಹದಾಯಿ ಪಶ್ಚಿಮಕ್ಕೆ ತಿರುಗಿ ಗೋವಾ ಹಾದು ಅರಬ್ಬೀ ಸಮುದ್ರ ಸೇರುತ್ತಾಳೆ. ಗುಡ್ಡದ ನೆತ್ತಿ ಎರಡೂ ಕಡೆಗೆ ನೀರನ್ನು ಹಂಚುತ್ತದೆ. ಸಂಗಮದ ಕೆಳಗೆ ನಾರಾಯಣಪುರದಲ್ಲಿ ಅಣೆಕಟ್ಟು ಕಟ್ಟಿದ್ದರಿಂದ ಹಿನ್ನೀರು ಏರಿತು. ಅದರಿಂದ ಐಕ್ಯಮಂಟಪವನ್ನು ಕಾಪಾಡಲು ಸುತ್ತಲೂ ಆ ಕಟ್ಟಡ ಎದ್ದಿತು. ಇಷ್ಟನ್ನು ಹತ್ತು ವರ್ಷದ ಮಗು ತಿಳಿಯಬಲ್ಲದು.

ಆದರೆ ನಾವು ಕಲಿಸುತ್ತಿರುವುದು ಹೆಸರುಗಳ ಪಟ್ಟಿಯನ್ನು. ಐದನೆಯ ತರಗತಿಯವರೆಗೆ ಭೂಗೋಳ ಪರಿಸರ ಅಧ್ಯಯನದೊಳಗೇ ಬರುತ್ತದೆ. ವಿಷಯದ ಹೆಸರಿನಲ್ಲೇ ಪರಿಸರವಿದ್ದರೂ ಮಕ್ಕಳು ಕೊಠಡಿಯಿಂದ ಹೊರಗೆ ಬರುವುದಿಲ್ಲ. 31 ಜಿಲ್ಲೆಗಳನ್ನು ಒಂದೇ ಉಸಿರಿಗೆ ಒಪ್ಪಿಸುವ ಮಗುವನ್ನು 'ನಿಮ್ಮೂರ ಹಳ್ಳ ಯಾವ ನದಿಗೆ ಸೇರುತ್ತದೆ?' ಎಂದು ಕೇಳಿ ನೋಡಿ. ಗೋಡೆಗೆ ತೂಗುಹಾಕಿದ ನಕಾಶೆ ನೋಡಿ ಉತ್ತರವೆಂದರೆ ಮೇಲೆ, ದಕ್ಷಿಣವೆಂದರೆ ಕೆಳಗೆ ಎಂದೇ ಎಷ್ಟೋ ಮಕ್ಕಳು ತಿಳಿದಿರುತ್ತಾರೆ. ಆ ನಕಾಶೆಯನ್ನು ನೆಲದ ಮೇಲೆ ದಿಕ್ಕಿಗೆ ಸರಿಯಾಗಿ ಹಾಸಿದರೆ ಸಾಕು, ಅರ್ಧ ಗೊಂದಲ ಹೋಗುತ್ತದೆ.

ಇದು ಬರೀ ಅಂಕಗಳ ಮಾತಲ್ಲ. ಸರ್ಕಾರಿ ಎಂಜಿನಿಯರನಾಗಿ ಸೇವಾವಧಿಯುದ್ದಕ್ಕೂ ಕಂಡದ್ದನ್ನು ಹೇಳುತ್ತೇನೆ: ಹಳ್ಳ ಒತ್ತುವರಿಯಾದರೂ, ಕೆರೆಯ ಕಾಲುವೆ ಮುಚ್ಚಿದರೂ, ತಗ್ಗಿನಲ್ಲಿ ಮನೆಗಳೆದ್ದರೂ ಊರವರು ಸುಮ್ಮನಿರುತ್ತಾರೆ. ಮಳೆ ಬಂದಾಗ ನೀರು ತನ್ನ ಹಳೆಯ ದಾರಿಯನ್ನೇ ಹಿಡಿಯುತ್ತದೆ. 2009ರ ಮತ್ತು 2019ರ ನೆರೆಯನ್ನು ನಮ್ಮ ಭಾಗದವರು ಮರೆತಿಲ್ಲ. 2019ರಲ್ಲಿ ಮಲಪ್ರಭೆ ಪಟ್ಟದಕಲ್ಲಿನ ಗುಡಿಗಳ ಆವರಣಕ್ಕೂ ನುಗ್ಗಿದಳು. ಊರಿನ ಏರುತಗ್ಗು ತಿಳಿದ ಮಕ್ಕಳು ನಾಳೆ ಗ್ರಾಮಸಭೆಯಲ್ಲಿ ಎದ್ದುನಿಂತು ಪ್ರಶ್ನೆ ಕೇಳುತ್ತಾರೆ.

ಹಾಗಾದರೆ ಏನು ಮಾಡಬೇಕು? ದುಬಾರಿ ಸಾಮಾನು ಬೇಡ. ಅಂಗಳದಲ್ಲಿ ಕೋಲು ನೆಟ್ಟು ನಡುಹಗಲಿನ ಗಿಡ್ಡ ನೆರಳನ್ನು ಗುರುತು ಮಾಡಲಿ. ಡಿಸೆಂಬರಿನಲ್ಲಿ ಅದು ಉತ್ತರಕ್ಕೆ ಬೀಳುತ್ತದೆ, ಜೂನ್ ಕೊನೆಗೆ ದಕ್ಷಿಣಕ್ಕೆ. ನಮ್ಮ ನಾಡು ಕರ್ಕಾಟಕ ಸಂಕ್ರಾಂತಿ ವೃತ್ತದ ದಕ್ಷಿಣಕ್ಕಿದೆ ಎಂಬುದನ್ನು ಮಗು ಕಣ್ಣಾರೆ ಕಾಣುತ್ತದೆ. ನೇರ ಗೋಡೆಯ ಡಬ್ಬಿಯೊಂದನ್ನು ಬಯಲಲ್ಲಿಟ್ಟು ಮಳೆ ಅಳೆಯಲಿ. ಒಂದು ಚದರ ಮೀಟರಿನ ಮೇಲೆ 1 ಮಿಲಿಮೀಟರ್ ಮಳೆ ಬಿದ್ದರೆ 1 ಲೀಟರ್ ನೀರು. 60 ಚದರ ಮೀಟರಿನ ಶಾಲೆಯ ಮಾಳಿಗೆ ಮೇಲೆ 25 ಮಿಲಿಮೀಟರ್ ಮಳೆಯಾದರೆ 1,500 ಲೀಟರ್. ಆ ನೀರು ಎಲ್ಲಿಗೆ ಹೋಯಿತೆಂದು ಮಕ್ಕಳು ಹಿಂಬಾಲಿಸಲಿ. ನೀರು ತುಂಬಿದ ಪಾರದರ್ಶಕ ಪೈಪಿನಿಂದ ಮಟ್ಟ ನೋಡುವುದನ್ನು ಊರಿನ ಗೌಂಡಿ ಬಂದು ಕಲಿಸಲಿ. ಅವರನ್ನು ಕುರ್ಚಿ ಹಾಕಿ ಕೂರಿಸಿ ಗುರುವೆಂದು ಗೌರವಿಸಿದರೆ ಕಾಯಕದ ಪಾಠವೂ ಅಲ್ಲೇ ಆಗುತ್ತದೆ.

ಆಮೇಲೆ ಹೆಜ್ಜೆಯಿಂದ ಅಳೆದು ಮಕ್ಕಳು ತಮ್ಮೂರಿನ ನಕಾಶೆ ಬರೆಯಲಿ. ಇಲ್ಲಿ ಒಂದು ಷರತ್ತು: ನಕಾಶೆಯಲ್ಲಿ ಇಡೀ ಊರು ಇರಬೇಕು. ಮಠ, ಶಾಲೆ, ಪಂಚಾಯಿತಿ, ಗೌಡರ ಓಣಿ ಬರೆದು ಕೈತೊಳೆದುಕೊಳ್ಳುವಂತಿಲ್ಲ. ಊರಾಚೆಯ ಕೇರಿಗೂ ಎಲ್ಲ ಮಕ್ಕಳು ಒಟ್ಟಿಗೆ ಹೋಗಿ ಓಣಿಯ ಅಗಲ ಅಳೆಯಬೇಕು, ನಳ ಎಷ್ಟು ದೂರವಿದೆ, ಚರಂಡಿ ಎಲ್ಲಿಗೆ ನಿಂತಿದೆ ಎಂದು ಗುರುತಿಸಬೇಕು. ಕೇರಿ ತಗ್ಗಿನಲ್ಲಿದ್ದು ಊರ ಕೊಳಚೆಯೆಲ್ಲ ಅತ್ತ ಹರಿಯುತ್ತಿದ್ದರೆ ಅದು ಮಕ್ಕಳ ಕೈಬರಹದಲ್ಲೇ ಕಾಣುತ್ತದೆ. ಸಮಾನತೆಯ ಬಗ್ಗೆ ವೇದಿಕೆಯ ಮೇಲೆ ನಾವು ಆಡುವ ಮಾತಿಗಿಂತ ಆ ಹಾಳೆ ಹೆಚ್ಚು ಕೆಲಸ ಮಾಡೀತು. 'ನಮ್ಮ ಮಕ್ಕಳನ್ನು ಅಲ್ಲಿಗೇಕೆ ಕರೆದೊಯ್ದಿರಿ' ಎಂದು ಯಾರಾದರೂ ತಕರಾರು ತೆಗೆದರೆ ಶಿಕ್ಷಕರ ಬೆನ್ನಿಗೆ ನಿಲ್ಲಬೇಕಾದವರು ಬಸವತತ್ವದವರೆನ್ನಿಸಿಕೊಂಡ ನಾವೇ.

ಪಾಠ ಮುಗಿಸಲು ಸಮಯವಿಲ್ಲ ಎಂದು ಶಿಕ್ಷಕರು ಹೇಳುವುದರಲ್ಲಿ ಸುಳ್ಳಿಲ್ಲ. ಅವರ ಮೇಲಿನ ಹೊರೆ ದೊಡ್ಡದು. ಆದರೆ ಹದಿನೈದು ದಿನಕ್ಕೊಂದು ಶನಿವಾರ ಬೆಳಿಗ್ಗೆ ಒಂದು ತಾಸು ಸಿಕ್ಕರೂ ವರ್ಷದೊಳಗೆ ನಕಾಶೆ ಮುಗಿಯುತ್ತದೆ. ಅಳತೆ ಮಾಡುತ್ತ ಗಣಿತವೂ, ವರದಿ ಬರೆಯುತ್ತ ಕನ್ನಡವೂ ಕಲಿತಂತಾಗುತ್ತದೆ. ನಿವೃತ್ತ ಎಂಜಿನಿಯರುಗಳು, ಭೂಮಾಪಕರು ಪ್ರತಿ ಊರಿನ ಸುತ್ತಮುತ್ತ ಇದ್ದೇವೆ. ಕರೆದರೆ ಬರುತ್ತೇವೆ, ಇದು ನಮ್ಮ ಪಾಲಿನ ದಾಸೋಹ.

ಶಾಲೆಗಳನ್ನು ನಡೆಸುತ್ತಿರುವ ಪೂಜ್ಯರಲ್ಲಿ ನನ್ನದೊಂದು ವಿನಂತಿ. ಮುಂದಿನ ಬಸವ ಜಯಂತಿಗೆ ಭಾಷಣ ಸ್ಪರ್ಧೆಯ ಜೊತೆಗೆ ಮಕ್ಕಳು ಬರೆದ ಊರಿನ ನಕಾಶೆಗಳನ್ನೂ ಮಠದ ಆವರಣದಲ್ಲಿ ತೂಗುಹಾಕಿಸಿ. ಪಂಚಾಯಿತಿ ಸದಸ್ಯರನ್ನು ಕರೆಸಿ, ಮಕ್ಕಳಿಂದಲೇ ವಿವರಣೆ ಕೊಡಿಸಿ. ಬಿಟ್ಟುಹೋದ ಓಣಿ ಯಾವುದಾದರೂ ಇದೆಯೇ ಎಂದು ತಾವೇ ಮುಂದೆ ನಿಂತು ನೋಡಿ.