ಕೋಚ್ ನಮ್ಮಾಂವ ಆದ್ರ ಕಪ್ ಬರ್ತದೇನು?

ಬೆಂಗಳೂರು ಬುಲ್ಸ್ ಸೋತ ಮರುದಿನ ಹಾವೇರಿ, ರಾಣೆಬೆನ್ನೂರು, ಬ್ಯಾಡಗಿ ಯಾವ ಊರಿಗೆ ಹೋದರೂ ಚಹಾ ಅಂಗಡಿಯಲ್ಲಿ ಕೇಳುವ ಮಾತು ಒಂದೇ: "ಮೊದ್ಲ ಆ ಕೋಚ್‌ನ ಹೊರಗ ಹಾಕ್ರಿ." ಕಣಕ್ಕೆ ಇಳಿದವರು ಏಳು ಮಂದಿ. ಬೈಗುಳ ಮಾತ್ರ ಗೆರೆಯಾಚೆ ಕುಂತ ಒಬ್ಬನಿಗೆ.

ಕೋಚ್‌ನನ್ನು ಪ್ರಶ್ನಿಸಬಾರದು ಅಂತ ನಾವು ಹೇಳುತ್ತಿಲ್ಲ. ಕೋಟಿಗಟ್ಟಲೆ ಸುರಿದು ಕಟ್ಟಿದ ತಂಡ ಸೋತರೆ ಲೆಕ್ಕ ಕೇಳಲೇಬೇಕು. ನಮ್ಮ ತಕರಾರು ಇರುವುದು ಕೇಳುವ ರೀತಿಯ ಬಗ್ಗೆ. ಯಾಕಂದರೆ ಪ್ರೊ ಕಬಡ್ಡಿಯ ಕೋಚ್‌ಗೆ ನಾವು ಹಚ್ಚುವ ಅಳತೆಗೋಲನ್ನೇ ನಮ್ಮ ಕಾಲೇಜಿನ ಮೈದಾನಕ್ಕೂ ಹಚ್ಚುತ್ತೇವೆ. ಅಲ್ಲಿ ಪೆಟ್ಟು ಬೀಳುವುದು ನಮ್ಮ ಮಕ್ಕಳಿಗೆ.

ಮೊದಲು ರಣಧೀರ್ ಸಿಂಗ್ ಸೆಹ್ರಾವತ್ ಅವರ ವಿಷಯ. 2014ರಲ್ಲಿ ಲೀಗ್ ಶುರುವಾದಾಗಿನಿಂದ 2024ರವರೆಗೆ, ಹನ್ನೊಂದು ಆವೃತ್ತಿ, ಬುಲ್ಸ್‌ಗೆ ಅವರೇ ಗುರು. ಎರಡನೇ ಆವೃತ್ತಿಯಲ್ಲಿ ತಂಡ ಫೈನಲ್‌ಗೆ ಹೋಗಿ ಯು ಮುಂಬಾ ಎದುರು ಸೋತಿತು. ಆರನೇ ಆವೃತ್ತಿಯ ಫೈನಲ್ 2019ರ ಜನವರಿ 5ರಂದು ಮುಂಬೈಯಲ್ಲಿ ನಡೆಯಿತು. ಅವತ್ತು ಪವನ್ ಸೆಹ್ರಾವತ್ ಒಬ್ಬರೇ 22 ಅಂಕ ತಂದರು. ಗುಜರಾತ್ ತಂಡವನ್ನು 38-33ರಿಂದ ಸೋಲಿಸಿ ಬುಲ್ಸ್ ಕಪ್ ಎತ್ತಿತು. ಆಮೇಲೆ 7, 8, 9ನೇ ಆವೃತ್ತಿಗಳಲ್ಲಿ ಸತತ ಮೂರು ಸಲ ಸೆಮಿಫೈನಲ್. ಹತ್ತರಲ್ಲಿ ಎಂಟನೇ ಸ್ಥಾನಕ್ಕೆ ಇಳಿಯಿತು. ಹನ್ನೊಂದರಲ್ಲಿ 22 ಪಂದ್ಯ ಆಡಿ ಗೆದ್ದದ್ದು ಎರಡೇ ಎರಡು. ಹನ್ನೆರಡು ತಂಡಗಳಲ್ಲಿ ಹನ್ನೆರಡನೆಯದು. ಬೆಂಗಳೂರಿನ ಹೆಸರು ಹೊತ್ತ ತಂಡ ಆ ವರ್ಷ ಬೆಂಗಳೂರಿನಲ್ಲಿ ಒಂದು ಪಂದ್ಯವನ್ನೂ ಆಡಲಿಲ್ಲ ಅನ್ನುವುದು ಬೇರೆ ಮಾತು. ಎಲ್ಲ ಪಂದ್ಯ ಹೈದರಾಬಾದ್, ನೋಯ್ಡಾ, ಪುಣೆಯಲ್ಲೇ ಮುಗಿದವು.

ರಣಧೀರ್ ಅವರನ್ನು ಬದಲಾಯಿಸಿದ್ದು ಸರಿ. ಇದು ನಮ್ಮ ಖಚಿತ ಅಭಿಪ್ರಾಯ. ಆದರೆ ಚಹಾ ಅಂಗಡಿಯಲ್ಲಿ ಅದಕ್ಕೆ ಕೊಟ್ಟ ಕಾರಣ ಮಾತ್ರ ಪೂರ್ತಿ ತಪ್ಪು. "ಅಂವ ನಮ್ಮಾಂವ ಅಲ್ಲ, ಹರಿಯಾಣದ ಹುಡುಗ್ರನ್ನ ತುಂಬ್ಕೊಂಡಾನ, ಕನ್ನಡದಾಂವ ಬಂದ್ರ ಎಲ್ಲಾ ಸರಿ ಹೋಗ್ತದ." ಈ ಮಾತನ್ನು ನಾವು ಎಷ್ಟು ಸಲ ಕೇಳಿದ್ದೇವೋ ಲೆಕ್ಕವಿಲ್ಲ. ಹೇಳಿದವರಿಗೆ ಒಂದು ಪ್ರಶ್ನೆ: ಬುಲ್ಸ್ ಗೆದ್ದಿರುವ ಒಂದೇ ಒಂದು ಕಪ್ ಬಂದದ್ದು ಯಾರ ಕಾಲದಲ್ಲಿ?

ಈಗ ಇದನ್ನು ತಿರುಗಿಸಿ ನೋಡಿ. ರಣಧೀರ್ ಜಾಗಕ್ಕೆ ಬಂದ ಬಿ.ಸಿ. ರಮೇಶ್ ಅಪ್ಪಟ ಕನ್ನಡಿಗರು, 2001ರ ಅರ್ಜುನ ಪ್ರಶಸ್ತಿ ಪಡೆದವರು. ಅವರು ಕೋಚ್ ಆಗಿದ್ದಾಗ 2019ರಲ್ಲಿ ಬೆಂಗಾಲ್ ವಾರಿಯರ್ಸ್ ಕಪ್ ಗೆದ್ದಿತು. 2024ರ ಮಾರ್ಚ್ 1ರಂದು ಪುಣೇರಿ ಪಲ್ಟನ್ ಹರಿಯಾಣ ಸ್ಟೀಲರ್ಸ್ ತಂಡವನ್ನು 28-25ರಿಂದ ಮಣಿಸಿ ಚಾಂಪಿಯನ್ ಆದಾಗಲೂ ಅವರೇ ಕೋಚ್. ಬಂಗಾಳದವರೂ ಮರಾಠಿಗರೂ "ಅಂವ ನಮ್ಮಾಂವ ಅಲ್ಲ" ಅಂತ ಕುಂತಿದ್ದರೆ ನಮ್ಮ ರಮೇಶ್ ಮನೆಯಲ್ಲಿ ಇರಬೇಕಿತ್ತು. ಬೇರೆಯವರು ನಮ್ಮವನ ಕೆಲಸ ನೋಡಬೇಕು, ನಾವು ಮಾತ್ರ ಬೇರೆಯವನ ಊರು ನೋಡಬೇಕು. ಇದು ಯಾವ ನ್ಯಾಯ?

ಹಾಗಾದರೆ ರಣಧೀರ್ ಅವರನ್ನು ಕೇಳಬೇಕಿದ್ದ ಪ್ರಶ್ನೆ ಯಾವುದು? ಬ್ಯಾಡಗಿ ಮಂದಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಸೋಮವಾರ, ಗುರುವಾರ ಟೆಂಡರ್‌ನಲ್ಲಿ ಹಸಿ ಚೀಲ ಕೊಂಡವನು ಆಮೇಲೆ ಗಿರಣಿಯವನ ಮೇಲೆ ಸಿಟ್ಟಾದರೆ ಪುಡಿಗೆ ಬಣ್ಣ ಬರುವುದಿಲ್ಲ. ಕಬಡ್ಡಿಯಲ್ಲೂ ಅರ್ಧ ಆಟ ಹರಾಜಿನಲ್ಲೇ ಮುಗಿದಿರುತ್ತದೆ. ಪವನ್ ಕೈಬಿಟ್ಟು ಹೋದರು, ತಮಿಳ್ ತಲೈವಾಸ್ ಅವರನ್ನು 2.26 ಕೋಟಿಗೆ ಕೊಂಡಿತು. ಆಮೇಲೆ ಭಾರವೆಲ್ಲ ಭರತ್ ಮೇಲೆ ಬಿತ್ತು. ಅವರೂ ಯುಪಿ ಯೋಧಾಸ್‌ಗೆ ಹೋದರು. ಹನ್ನೊಂದನೇ ಆವೃತ್ತಿಗೆ 70 ಲಕ್ಷ ಕೊಟ್ಟು ಪರ್ದೀಪ್ ನರ್ವಾಲ್ ಅವರನ್ನು ತಂದರು. ಹೆಸರು ದೊಡ್ಡದು, ದಾಖಲೆ ದೊಡ್ಡದು, ಆದರೆ ಕಾಲಿನ ವೇಗ ಹಳೆಯದಾಗಿರಲಿಲ್ಲ. ಒಬ್ಬ ರೈಡರ್ ಮೇಲೆ ಇಡೀ ತಂಡ ನಿಲ್ಲಿಸುವುದು, ಅವನು ಹೋದರೆ ಇನ್ನೊಬ್ಬನನ್ನು ಹುಡುಕುವುದು: ಇದೇ ರೋಗ. ಎರಡು ಖಾಲಿ ರೈಡ್ ಆದಮೇಲೆ ಮೂರನೆಯ ಮಾಡು-ಇಲ್ಲವೇ-ಮಡಿ ರೈಡ್‌ಗೆ ಯಾರನ್ನು ಕಳಿಸಬೇಕು, ಮುನ್ನಡೆ ಇದ್ದಾಗ ಡಿಫೆಂಡರ್ ಮೈಮೇಲೆ ಬೀಳಬೇಕೋ ತಡೆದು ನಿಲ್ಲಬೇಕೋ, ಬೆಂಚಿನ ಹುಡುಗನನ್ನು ಯಾವಾಗ ಇಳಿಸಬೇಕು. ಕೋಚ್‌ನ ಕೆಲಸ ಅಂದರೆ ಇದು. ಇದನ್ನು ಹಿಡಿದು ಜಗಳವಾಡಿ, ನಾವೂ ಬಂದು ಕೂರುತ್ತೇವೆ, ಚಹಾ ನಮ್ಮದೇ.

ರಮೇಶ್ ಬಂದ ಮೇಲಾದರೂ ಬಾಯಿ ನಿಂತಿತಾ? ಇಲ್ಲ. 2025ರ ಹನ್ನೆರಡನೇ ಆವೃತ್ತಿಯ ಆರಂಭದಲ್ಲಿ ತಂಡ ಎಡವಿದಾಗ "ಇವರೂ ಅಷ್ಟ" ಅಂದರು. ತಂಡ ಎದ್ದು ಪ್ಲೇಆಫ್ ಮುಟ್ಟಿತು, ಆಗ ಹೊಗಳಿದರು. ಕಪ್ ಇಲ್ಲದೆ ಮರಳಿತು, ಮತ್ತೆ "ಬ್ಯಾರೆದಾವ್ರನ್ನ ತರ್ರಿ." ಹಿಂದಿನ ವರ್ಷ ಕಟ್ಟಕಡೆಗೆ ಬಿದ್ದಿದ್ದ ತಂಡ ಅದು. ಕನ್ನಡದಾಂವ ಬೇಕು ಅಂದ ಬಾಯೇ ಒಂದು ಹಂಗಾಮು ಮುಗಿಯುವಷ್ಟರಲ್ಲಿ ಅವರೂ ಬೇಡ ಅಂದರೆ, ಮೊದಲಿಗೂ ಬೇಕಾಗಿದ್ದದ್ದು ಕನ್ನಡದಾಂವ ಅಲ್ಲ, ಬೈಯೋಕೆ ಒಬ್ಬ ಮನುಷ್ಯ.

ಇನ್ನೊಂದು. "ನಮ್ಮಾಂವ" ಅಂತ ಎದೆ ತಟ್ಟುವವರು "ನಮ್ಮಾಕಿ"ಯನ್ನು ಮರೆತದ್ದು ಹೇಗೆ? 2012ರಲ್ಲಿ ಪಟ್ನಾದಲ್ಲಿ ಮಹಿಳಾ ಕಬಡ್ಡಿ ವಿಶ್ವಕಪ್ ಗೆದ್ದ ಭಾರತ ತಂಡದ ನಾಯಕಿ ಮಮತಾ ಪೂಜಾರಿ, ಕಾರ್ಕಳ ತಾಲ್ಲೂಕಿನವರು. 2011ರಲ್ಲಿ ಅರ್ಜುನ ಪ್ರಶಸ್ತಿ ಪಡೆದ ತೇಜಸ್ವಿನಿ ಬಾಯಿ ಕೂಡ ಕರ್ನಾಟಕದವರು. 2025ರ ನವೆಂಬರ್‌ನಲ್ಲಿ ಢಾಕಾದಲ್ಲಿ ಭಾರತದ ಹೆಣ್ಣುಮಕ್ಕಳು ಮತ್ತೆ ವಿಶ್ವಕಪ್ ಗೆದ್ದಾಗ ಅವರ ಕೋಚ್ ಇದೇ ತೇಜಸ್ವಿನಿ. ಕನ್ನಡದ ಕೋಚ್ ಕಪ್ ತಂದ ಆ ದಿನ ನಮ್ಮ ಚಹಾ ಅಂಗಡಿಗಳಲ್ಲಿ ಯಾರೂ ಪಟಾಕಿ ಹಚ್ಚಿದ್ದು ನಾವು ನೋಡಲಿಲ್ಲ.

ಈಗ ನಮ್ಮ ಮೈದಾನಕ್ಕೆ ಬರೋಣ. ತಾಲ್ಲೂಕು ಮಟ್ಟದ ಪಂದ್ಯಕ್ಕೆ ಕಾಲೇಜು ತಂಡ ಆರಿಸುವಾಗ ಏನು ನಡೆಯುತ್ತದೆ ಅಂತ ಆಡಿದ ಎಲ್ಲರಿಗೂ ಗೊತ್ತು. ಹಿರಿಯರ ಫೋನು ಬರುತ್ತದೆ: "ಸರ್, ನಮ್ಮ ಹುಡುಗ ಅದಾನ, ನೋಡ್ರಿ." ಮೇಷ್ಟ್ರು ನೋಡಿದರೆ ತಂಡ ಸೋಲುತ್ತದೆ. ನೋಡದಿದ್ದರೆ ಮೇಷ್ಟ್ರ ಮೇಲೆ ಅರ್ಜಿ ಹೋಗುತ್ತದೆ. ತಂಡ ಸೋತು ಬಂದ ಸಂಜೆ ಅದೇ ಫೋನಿನವರು ಕಟ್ಟೆ ಮೇಲೆ ಕುಂತು ದೈಹಿಕ ಶಿಕ್ಷಣದ ಮೇಷ್ಟ್ರನ್ನು ವರ್ಗ ಮಾಡಿಸುವ ಮಾತಾಡುತ್ತಾರೆ. ಮೇಷ್ಟ್ರೇ ಇಲ್ಲದ ಕಡೆಯಂತೂ ಇತಿಹಾಸದ ಉಪನ್ಯಾಸಕರೋ ಗುಮಾಸ್ತರೋ ಸೀಟಿ ಹಿಡಿದು ಹುಡುಗರನ್ನು ಕರಕೊಂಡು ಹೋಗುತ್ತಾರೆ, ಪುಣ್ಯಕ್ಕೆ.

ಆ ಹುಡುಗರು ಕಲಿತದ್ದು ಮಣ್ಣಿನ ಮೇಲೆ, ಬರಿಗಾಲಲ್ಲಿ. ಮೇಲಿನ ಹಂತದಲ್ಲಿ ಆಡಬೇಕಾದದ್ದು ಮ್ಯಾಟ್ ಮೇಲೆ, ಬೂಟು ಹಾಕಿ. ಮಣ್ಣಿನಲ್ಲಿ ಜಾರಿ ಹಿಡಿಯುವ ಕಾಲು ಮ್ಯಾಟ್ ಮೇಲೆ ತಟ್ಟನೆ ನಿಂತುಬಿಡುತ್ತದೆ, ಮಂಡಿ ತಿರುಚುತ್ತದೆ. ಹುಡುಗ ಊರಿಗೆ ಬಂದು ಮತ್ತೆ ಆಡುವುದಿಲ್ಲ. ಇದಕ್ಕೆ ಯಾವ ಕೋಚ್‌ನನ್ನು ಹೊರಗೆ ಹಾಕುತ್ತೀರಿ?

ಕಾಲೇಜು ಅಭಿವೃದ್ಧಿ ಸಮಿತಿ ಅಂತ ಒಂದಿದೆ. ಸರ್ಕಾರಿ ಕಾಲೇಜಿನಲ್ಲಿ ಅದರ ಅಧ್ಯಕ್ಷರು ನಿಮ್ಮ ಶಾಸಕರೇ. ಬುಲ್ಸ್ ಮಾಲೀಕರಿಗೆ ನಿಮ್ಮ ಮಾತು ಮುಟ್ಟುವುದಿಲ್ಲ, ಶಾಸಕರಿಗೆ ಮುಟ್ಟುತ್ತದೆ; ಮುಂದಿನ ಸಲ ಅವರು ಮದುವೆಗೋ ಜಾತ್ರೆಗೋ ಬಂದಾಗ ಹಾರ ಹಾಕುವ ಮೊದಲು ಕೇಳಿ. ಕಾಲೇಜಿಗೆ ದೈಹಿಕ ಶಿಕ್ಷಣದ ಮೇಷ್ಟ್ರು ಇದ್ದಾರಾ, ಮ್ಯಾಟ್ ಯಾವಾಗ ಬರುತ್ತದೆ, ತಂಡವನ್ನು ಎಲ್ಲರ ಕಣ್ಣೆದುರು ಮೈದಾನದಲ್ಲಿ ಆರಿಸುತ್ತೀರಾ ಅಥವಾ ಫೋನಿನಲ್ಲಾ. ಹೆಣ್ಣುಮಕ್ಕಳ ಹೆಸರಿನಲ್ಲಿ ಇನ್ನೊಂದನ್ನೂ ಕೇಳಿ: ಶಕ್ತಿ ಯೋಜನೆಯಲ್ಲಿ ಟಿಕೆಟ್ ಫ್ರೀ, ಸರಿ, ಆದರೆ ಅಭ್ಯಾಸ ಮುಗಿಯುವ ಮೊದಲೇ ಊರಿನ ಕೊನೆಯ ಬಸ್ಸು ಹೊರಟುಹೋದರೆ ಆಕೆ ಮನೆಗೆ ಹೋಗುವುದು ಹೇಗೆ?