ಹೆಸರಿನ ಗೆಲುವೂ ನೆಲದ ಗೆಲುವೂ

ಕಬಡ್ಡಿಯು ಅಂಗಳದಲ್ಲಿ ಹುಟ್ಟಿ ಅಂಗಳದಲ್ಲಿ ಬೆಳೆದ ಆಟ. ಅದಕ್ಕೆ ಬೇಕಾದುದು ಗೆರೆ ಎಳೆಯುವಷ್ಟು ಮಣ್ಣು, ಎರಡು ಕಡೆಗೆ ಏಳೇಳು ಮಂದಿ, ಹಿಡಿದ ಉಸಿರನ್ನು ಬಿಡದೆ ಎದುರಾಳಿಯ ನೆಲವನ್ನು ಹೊಕ್ಕು ಮುಟ್ಟಿ ಮರಳಿಬರುವ ಎದೆಗಾರಿಕೆ, ಇಷ್ಟೆ. ಮದ್ದೂರು ಸೀಮೆಯ ಆತಗೂರಿನಂತಹ ಊರುಗಳಲ್ಲಿ ಸುಗ್ಗಿ ಮುಗಿದು ಗದ್ದೆಬಯಲು ಬರಿದಾದ ಮೇಲೆ ಹುಡುಗರು ಈ ಆಟಕ್ಕೆ ಯಾರ ಅಪ್ಪಣೆಯನ್ನೂ ಕಾಯಬೇಕಾದುದಿಲ್ಲ. ಯಾವ ಸಲಕರಣೆಯನ್ನೂ ಕೊಳ್ಳಬೇಕಾದುದಿಲ್ಲ. ತಮಿಳು ನಾಡಿನಲ್ಲಿ ಇದನ್ನು ಸಡುಗುಡು ಎಂದರು, ಮಹಾರಾಷ್ಟ್ರದಲ್ಲಿ ಹುತುತು ಎಂದರು, ಬಂಗಾಳದಲ್ಲಿ ಹಾಡುಡು ಎಂದರು. ಹೆಸರು ಬೇರೆ ಬೇರೆಯಾದರೂ ಉಸಿರು ಒಂದೇ. ಬಡವನ ಮಗನಿಗೂ ಸಿರಿವಂತನ ಮಗನಿಗೂ ಒಂದೇ ಬಂಡವಾಳವನ್ನು ವಿಧಿಸುವ ಆಟಗಳು ಲೋಕದಲ್ಲಿ ಹೆಚ್ಚಿಲ್ಲ.

ಇಂತಹ ಆಟ 2014ರಲ್ಲಿ ಪ್ರೊ ಕಬಡ್ಡಿ ಲೀಗ್ ಎಂಬ ಹೆಸರಿನಿಂದ ವೃತ್ತಿಯ ರೂಪವನ್ನು ತಾಳಿತು. ಮಣ್ಣಿನ ಬದಲು ಮ್ಯಾಟು, ಬಯಲಿನ ಬದಲು ದೀಪಗಳ ಒಳಾಂಗಣ, ಊರ ಮಂದಿಯ ಬದಲು ದೂರದರ್ಶನದ ಲಕ್ಷಾಂತರ ನೋಟಕರು, ಗೆದ್ದವನ ಕೊರಳ ಹಾರದ ಬದಲು ಹರಾಜಿನ ಬೆಲೆ, ಹೀಗೆ ಆಟದ ಹೊರಗೆಲ್ಲವೂ ಬದಲಾಯಿತು. ಒಳಗಿನ ತಿರುಳು ಮಾತ್ರ ಬದಲಾಗಲಿಲ್ಲ. ಇಪ್ಪತ್ತು ನಿಮಿಷಗಳ ಎರಡು ಅವಧಿ. ಒಂದೊಂದು ದಾಳಿಗೆ ಮೂವತ್ತು ಸೆಕೆಂಡುಗಳ ಗಡುವು. ಎರಡು ದಾಳಿಗಳು ಫಲವಿಲ್ಲದೆ ಮುಗಿದರೆ ಮೂರನೆಯದರಲ್ಲಿ ಅಂಕ ತರಲೇಬೇಕು. ಇಲ್ಲವಾದರೆ ದಾಳಿಗಾರ ಹೊರಗೆ. ಸುಮ್ಮನೆ ಕಾಲ ಕಳೆಯುವವನಿಗೆ ಈ ಕಣದಲ್ಲಿ ಎಡೆಯಿಲ್ಲ.

ಈ ಪಂದ್ಯಾವಳಿಯ ಆರನೆಯ ಋತು ಕನ್ನಡಿಗರು ನೆನಪಿಡತಕ್ಕುದಾಗಿದೆ. ಅದರ ಹಿನ್ನೆಲೆಯನ್ನು ಮೊದಲು ಗಮನಿಸಬೇಕು. 1990ರಲ್ಲಿ ಏಷ್ಯನ್ ಕ್ರೀಡಾಕೂಟಕ್ಕೆ ಕಬಡ್ಡಿ ಸೇರಿದಂದಿನಿಂದ ಭಾರತದ ಪುರುಷರ ಚಿನ್ನ ಕೈತಪ್ಪಿರಲಿಲ್ಲ. 2018ರ ಆಗಸ್ಟ್ ತಿಂಗಳಿನಲ್ಲಿ ಜಕಾರ್ತದ ಕೂಟದ ಉಪಾಂತ್ಯ ಪಂದ್ಯದಲ್ಲಿ ಇರಾನ್ ಆ ಪರಂಪರೆಯನ್ನು ಮುರಿಯಿತು. ಮಹಿಳೆಯರೂ ಅಂತಿಮ ಪಂದ್ಯದಲ್ಲಿ ಇರಾನಿಗೇ ಮಣಿದರು. ತಾನು ಕಲಿಸಿದ ಆಟದಲ್ಲಿ ತಾನೇ ಸೋತ ಗುರುವಿನ ಸ್ಥಿತಿ ಭಾರತದ್ದಾಗಿದ್ದಿತು. ಆ ಕಹಿ ಆರುವುದಕ್ಕೆ ಮೊದಲೇ, ಅಕ್ಟೋಬರಿನಲ್ಲಿ, ಲೀಗಿನ ಆರನೆಯ ಋತು ಮೊದಲಾಯಿತು.

ಬೆಂಗಳೂರು ಬುಲ್ಸ್ ತಂಡ ಅದುವರೆಗೆ ಪ್ರಶಸ್ತಿಯನ್ನು ಕಂಡಿರಲಿಲ್ಲ. 2015ರಲ್ಲಿ ಅಂತಿಮ ಪಂದ್ಯವನ್ನು ಮುಟ್ಟಿ ಮುಂಬೈ ತಂಡಕ್ಕೆ 30–36ರಿಂದ ಸೋತಿದ್ದಿತು. 2018ರಲ್ಲಿ ರಣಧೀರ್ ಸಿಂಗ್ ತರಬೇತುದಾರರು. ರೋಹಿತ್ ಕುಮಾರ್ ನಾಯಕ. ದಾಳಿಗೆ ಪವನ್ ಸೆಹ್ರಾವತ್. ಹನ್ನೆರಡು ತಂಡಗಳನ್ನು ಎರಡು ಗುಂಪುಗಳಾಗಿ ವಿಂಗಡಿಸಿದ್ದ ಆ ಋತುವಿನಲ್ಲಿ ಬೆಂಗಳೂರು ತನ್ನ ಗುಂಪಿನ ಅಗ್ರಸ್ಥಾನವನ್ನು ಪಡೆಯಿತು. ಡಿಸೆಂಬರ್ 31ರಂದು ಕೊಚ್ಚಿಯಲ್ಲಿ ಗುಜರಾತ್ ತಂಡವನ್ನು 41–29ರಿಂದ ಸೋಲಿಸಿ ನೇರವಾಗಿ ಅಂತಿಮ ಪಂದ್ಯವನ್ನು ಪ್ರವೇಶಿಸಿತು. ಸೋತ ಗುಜರಾತಿಗೆ ನಿಯಮದಂತೆ ಮತ್ತೊಂದು ಅವಕಾಶವಿದ್ದಿತು. ಅದು ಉತ್ತರ ಪ್ರದೇಶದ ತಂಡವನ್ನು ಗೆದ್ದು ಬೆಂಗಳೂರನ್ನು ಮತ್ತೆ ಎದುರಿಸಲು ಬಂದಿತು.

2019ರ ಜನವರಿ 5ರಂದು ಮುಂಬಯಿಯಲ್ಲಿ ನಡೆದ ಆ ಅಂತಿಮ ಪಂದ್ಯದ ಮೊದಲ ಅವಧಿ ಮುಗಿದಾಗ ಗುಜರಾತ್ 16, ಬೆಂಗಳೂರು 9. ಏಳು ಅಂಕಗಳ ಹಿನ್ನಡೆ ಅಲ್ಪವಲ್ಲ. ಎರಡನೆಯ ಅವಧಿಯಲ್ಲಿ ಬೆಂಗಳೂರು ಗಳಿಸಿದುದು 29 ಅಂಕಗಳನ್ನು. ಗುಜರಾತ್ ಗಳಿಸಿದುದು 17ನ್ನು. ಕಟ್ಟಕಡೆಗೆ 38–33. ಆ 38ರಲ್ಲಿ 22 ಅಂಕಗಳು ಪವನ್ ಒಬ್ಬನ ದಾಳಿಯಿಂದ ಬಂದವು. ಇಡೀ ಋತುವಿನಲ್ಲಿ ದಾಳಿಯಿಂದ 271 ಅಂಕಗಳನ್ನು ಗಳಿಸಿ ಆತ ಎಲ್ಲರಿಗಿಂತ ಮುಂದಿದ್ದ. ಗುಜರಾತಿನವರು ಸತತವಾಗಿ ಎರಡನೆಯ ಬಾರಿ ಅಂತಿಮ ಮೆಟ್ಟಿಲಿನಲ್ಲಿ ಎಡವಿದರೂ ಅವರ ಹಿರಿಮೆ ಕುಂದಲಿಲ್ಲ. ಸೋತ ದುರ್ಯೋಧನನ ಘನತೆಯನ್ನು ಎತ್ತಿ ತೋರಿದ ರನ್ನನ ನಾಡಿನವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಈ ಗೆಲುವಿನಲ್ಲಿ ಅಧ್ಯಾಪಕರಿಗೆ ಉಪಯುಕ್ತವಾದ ಒಂದು ಸಂಗತಿಯಿದೆ. ಇದೇ ಪವನ್ ಹಿಂದಿನ ಋತುವಿನಲ್ಲಿ ಇದೇ ಗುಜರಾತ್ ತಂಡದಲ್ಲಿದ್ದ. ಅಲ್ಲಿ ಆತನಿಗೆ ಅವಕಾಶ ದೊರೆತದ್ದೇ ವಿರಳ. 2018ರ ಹರಾಜಿನಲ್ಲಿ ಹರಿಯಾಣದ ತಂಡ ಮೋನು ಗೋಯತ್ ಎಂಬ ಆಟಗಾರನಿಗೆ 1 ಕೋಟಿ 51 ಲಕ್ಷ ರೂಪಾಯಿಗಳನ್ನಿತ್ತು ಎಲ್ಲರ ಗಮನವನ್ನು ಸೆಳೆದರೆ, ಪವನನನ್ನು ಬೆಂಗಳೂರು 52 ಲಕ್ಷ 80 ಸಾವಿರಕ್ಕೆ ಕರೆತಂದಿತು. ಹರಿಯಾಣದ ತಂಡ ಆ ಋತುವಿನಲ್ಲಿ ಗುಂಪಿನ ಹಂತವನ್ನೂ ದಾಟಲಿಲ್ಲ. ಗುಜರಾತ್ ತಾನು ಬೆಂಚಿನ ಮೇಲೆ ಕೂರಿಸಿದವನಿಂದಲೇ ಪ್ರಶಸ್ತಿಯನ್ನು ಕಳೆದುಕೊಂಡಿತು. ಬೆಲೆಯೂ ಯೋಗ್ಯತೆಯೂ ಸದಾ ಜೊತೆಯಲ್ಲಿ ನಡೆಯುವುದಿಲ್ಲ. ಒಂದು ಕಡೆ ಮಂಕಾಗಿ ಕಂಡವನು ಇನ್ನೊಂದು ಕಡೆ ಬೆಳಗಿದರೆ, ಬದಲಾದುದು ಅವನ ಶಕ್ತಿಯಷ್ಟೇ ಅಲ್ಲ, ಅವನಲ್ಲಿ ಇತರರು ಇರಿಸಿದ ನಂಬಿಕೆ. ತರಗತಿಯ ಕೊನೆಯ ಸಾಲಿನಲ್ಲಿ ಮೌನವಾಗಿ ಕುಳಿತ ಹುಡುಗನ ವಿಷಯದಲ್ಲಿ ತೀರ್ಪು ಕೊಡಲು ಆತುರಪಡುವ ಉಪಾಧ್ಯಾಯರು ಇದನ್ನು ಮನನ ಮಾಡತಕ್ಕುದು.

ಆದರೆ ಈ ಗೆಲುವು ಯಾರದು ಎಂಬ ಪ್ರಶ್ನೆ ಉಳಿದೇ ಇದೆ. ತಂಡದ ಹೆಸರಿನಲ್ಲಿ ಬೆಂಗಳೂರಿತ್ತು. ಅದನ್ನು ಗೆಲ್ಲಿಸಿದ ಪ್ರಮುಖರು ಉತ್ತರ ಭಾರತದವರು. ಅದಕ್ಕಿಂತ ವಿಚಿತ್ರವಾದುದೆಂದರೆ, ಆ ಋತುವಿನಲ್ಲಿ ಬೆಂಗಳೂರಿನ ತವರು ಪಂದ್ಯಗಳು ನಡೆದುದು ಪುಣೆಯಲ್ಲಿ. ಅದಕ್ಕೆ ಹಿಂದಿನ ಋತುವಿನಲ್ಲಿ ನಾಗಪುರದಲ್ಲಿ. 2019ರಲ್ಲಿ ಮಾತ್ರ ತಂಡ ಕಂಠೀರವ ಕ್ರೀಡಾಂಗಣಕ್ಕೆ ಮರಳಿತು. ತವರಿನ ಹೆಸರನ್ನು ಹೊತ್ತು ಪರಸ್ಥಳದಲ್ಲಿ ತವರೂಟ ಉಂಡಂತಾಯಿತು ಇದು. ಆದುದರಿಂದ ಈ ಗೆಲುವಿಗೆ ಕನ್ನಡಿಗರು ಹಿಗ್ಗುವುದು ಹುಸಿ ಎನ್ನುವವರು ಉಂಟು.

ಈ ಆಕ್ಷೇಪದಲ್ಲಿ ಅರ್ಧ ಸತ್ಯವಿದೆ. ಆಟಗಾರನ ಹುಟ್ಟೂರನ್ನು ದೋಷವೆಂದು ಎಣಿಸುವುದು ಸರಿಯಲ್ಲ. ವಿದ್ಯೆಗೆ ಗಡಿಯಿಲ್ಲವೆಂದು ಮಕ್ಕಳಿಗೆ ಬೋಧಿಸಿ, ಆಟದ ಮಾತು ಬಂದೊಡನೆ ಗಡಿಕಲ್ಲನ್ನು ಹುಡುಕುವುದು ಉಚಿತವಾಗದು. ಮೇಲಾಗಿ ಲೆಕ್ಕ ಒಂದೇ ಕಡೆಗೆ ಓಡುವುದಿಲ್ಲ. ಆ ಗೆಲುವಿನ ತಂಡದಲ್ಲಿ ಸಹಾಯಕ ತರಬೇತುದಾರರಾಗಿದ್ದವರು ಅರ್ಜುನ ಪ್ರಶಸ್ತಿಗೆ ಪಾತ್ರರಾದ ಕನ್ನಡಿಗ ಬಿ. ಸಿ. ರಮೇಶ್. ಅವರು ಮುಂದಿನ ಋತುವಿನಲ್ಲಿ, 2019ರಲ್ಲಿ, ಬಂಗಾಳದ ತಂಡಕ್ಕೆ ಮುಖ್ಯ ತರಬೇತುದಾರರಾಗಿ ಪ್ರಶಸ್ತಿಯನ್ನು ತಂದುಕೊಟ್ಟರು. 2024ರ ಮಾರ್ಚಿನಲ್ಲಿ ಮುಗಿದ ಹತ್ತನೆಯ ಋತುವಿನಲ್ಲಿ ಪುಣೆಯ ತಂಡಕ್ಕೂ ತಂದುಕೊಟ್ಟರು. ಬಂಗಾಳದವರು, ಪುಣೆಯವರು ಆ ಗೆಲುವುಗಳನ್ನು ತಮ್ಮವೆಂದೇ ಕೊಂಡಾಡಿದರು. ಹೊರಗಿನವರು ಬಂದು ಗೆಲ್ಲಿಸಿದರೆಂದು ಕೊರಗುವುದಾದರೆ, ಕನ್ನಡಿಗನೊಬ್ಬ ಹೊರಗೆ ಹೋಗಿ ಗೆಲ್ಲಿಸಿದುದನ್ನು ಯಾವ ಲೆಕ್ಕಕ್ಕೆ ಬರೆಯಬೇಕು?

ಉಳಿದ ಅರ್ಧ ಸತ್ಯ ಬೇರೆ. ಹೊರಗಿನವರು ಬಂದುದು ತಪ್ಪಲ್ಲ. ಒಳಗಿನವರು ಸಾಲದಾದುದು ಕೊರತೆ. ಹೆಸರನ್ನು ಹಣದಿಂದ ಕೊಳ್ಳಬಹುದು, ಆಟಗಾರನನ್ನು ಹರಾಜಿನಲ್ಲಿ ಕೊಳ್ಳಬಹುದು. ನೆಲದ ಗೆಲುವನ್ನು ಬೆಳೆಯಬೇಕಲ್ಲದೆ ಕೊಳ್ಳಲಾಗದು. ಕೊಂಡದ್ದು ಕೈಬಿಡುವುದೂ ಸುಲಭ. 2022ರ ಹರಾಜಿನಲ್ಲಿ ಪವನನನ್ನು ತಮಿಳುನಾಡಿನ ತಂಡ 2 ಕೋಟಿ 26 ಲಕ್ಷಕ್ಕೆ ಕೊಂಡೊಯ್ದಿತು. 2024ರ ಋತುವಿನಲ್ಲಿ ಬೆಂಗಳೂರು ಹನ್ನೆರಡು ತಂಡಗಳ ಪಟ್ಟಿಯಲ್ಲಿ ಕಡೆಯದಾಯಿತು. ಆ ಬಳಿಕ, 2025ರ ಋತುವಿಗೆ, ತಂಡ ಮುಖ್ಯ ತರಬೇತುದಾರರನ್ನಾಗಿ ಕರೆದುದು ಅದೇ ಬಿ. ಸಿ. ರಮೇಶರನ್ನು ಎಂಬುದು ಗಮನಾರ್ಹ. ಎಲ್ಲ ಕಡೆ ಅಲೆದು ಕೊನೆಗೆ ಮನೆಯ ಬಾಗಿಲನ್ನು ತಟ್ಟಿದಂತೆ.

ನಾಡಿನಲ್ಲಿ ಬಿತ್ತನೆಯ ಬೀಜವಿಲ್ಲವೆಂದು ಯಾರೂ ಹೇಳಲಾರರು. 2016ರಲ್ಲಿ ಪುರುಷರ ಲೀಗಿನೊಡನೆ ಮೂರು ತಂಡಗಳ ಮಹಿಳಾ ಪಂದ್ಯಾವಳಿಯೊಂದು ನಡೆಯಿತು. ಅಂತಿಮ ಪಂದ್ಯದಲ್ಲಿ ಒಂದು ತಂಡಕ್ಕೆ ತೇಜಸ್ವಿನಿ ಬಾಯಿ ನಾಯಕಿ, ಇನ್ನೊಂದಕ್ಕೆ ಮಮತಾ ಪೂಜಾರಿ. ಇಬ್ಬರೂ ಕನ್ನಡತಿಯರು, ಇಬ್ಬರೂ ಅರ್ಜುನ ಪ್ರಶಸ್ತಿ ಪಡೆದವರು. 24–23ರಿಂದ ತೇಜಸ್ವಿನಿಯವರ ತಂಡ ಗೆದ್ದಿತು. ಒಂದೇ ಒಂದು ಅಂಕದ ಅಂತರದ ಆ ಸೊಗಸಿನ ಪಂದ್ಯಾವಳಿ ಮುಂದಿನ ಋತುಗಳಲ್ಲಿ ಮುಂದುವರಿಯಲಿಲ್ಲ. ಕನ್ನಡನಾಡಿಗೆ ನಿಸ್ಸಂದೇಹವಾಗಿ ತನ್ನದೆನ್ನಬಹುದಾದ ಗೆಲುವು ಅಲ್ಲಿತ್ತು. ಅದನ್ನು ನೆನಪಿಟ್ಟವರು ಎಷ್ಟು ಮಂದಿ?

ಆದುದರಿಂದ ವಿಚಾರ ಬಂದು ನಿಲ್ಲುವುದು ಶಾಲೆಯ ಅಂಗಳದಲ್ಲಿ. ಅನ್ನವನ್ನೂ ಅಕ್ಷರವನ್ನೂ ದಾಸೋಹವೆಂದು ಭಾವಿಸಿ ಹಳ್ಳಿಯ ಮಕ್ಕಳನ್ನು ಮುಂದೆ ತಂದ ಮಠದ ವಿದ್ಯಾಶಾಲೆಗಳ ಉಪಕಾರವನ್ನು ನಾಡು ಮರೆಯಲಾರದು. ದಾನಿಗಳ ಔದಾರ್ಯದಿಂದ ಇಂತಹ ಶಾಲೆಗಳಲ್ಲಿ ಕೊಠಡಿಗಳು ಏಳುತ್ತವೆ, ಸಭಾಂಗಣಗಳು ಏಳುತ್ತವೆ. ಇದು ಸ್ತುತ್ಯರ್ಹವೇ ಸರಿ. ಆದರೆ ಹೊಸ ಕಟ್ಟಡಕ್ಕೆ ಜಾಗ ಬೇಕಾದಾಗ ಎಲ್ಲೆಡೆಯೂ ಮೊದಲು ಕಣ್ಣು ಬೀಳುವುದು ಆಟದ ಬಯಲಿನ ಮೇಲೆ. ಗೋಡೆಯ ಮೇಲೆ ದಾನಿಯ ಹೆಸರಿನ ಕಲ್ಲನ್ನು ನಿಲ್ಲಿಸಬಹುದು. ಬಯಲಿನ ಮೇಲೆ ನಿಲ್ಲಿಸಲು ಗೋಡೆಯೇ ಇಲ್ಲ. ಬಯಲು ಬರಿದಾಗಿ ಕಾಣುವುದರಿಂದ ಅದು ವ್ಯರ್ಥವೆಂದು ತೋರುತ್ತದೆ. ಸಂಜೆ ನಾಲ್ಕೂವರೆಯ ಗಂಟೆ ಬಾರಿಸಿದ ಮೇಲೆ ಅಲ್ಲಿಗೆ ಹೋಗಿ ನೋಡಿದವರಿಗೆ ಮಾತ್ರ ಅದು ಬರಿದಲ್ಲವೆಂದು ತಿಳಿಯುತ್ತದೆ.

ಪುರುಷರ ಕಬಡ್ಡಿಯ ಅಂಕಣದ ಉದ್ದ 13 ಮೀಟರು, ಅಗಲ 10 ಮೀಟರು. ರೈತನ ಲೆಕ್ಕದಲ್ಲಿ ಹೇಳುವುದಾದರೆ ಸುಮಾರು ಒಂದೂಕಾಲು ಗುಂಟೆ. ಬಾಲಕಿಯರಿಗೆ ಇನ್ನೂ ಕಡಿಮೆ ಸಾಕು. ಕಬ್ಬಿನ ಗದ್ದೆಯ ಒಂದು ಮೂಲೆಯಷ್ಟು ನೆಲವನ್ನು ಮಕ್ಕಳ ಕಾಲಿಗೆ ಬಿಡಲಾರದಷ್ಟು ಯಾವ ಸಂಸ್ಥೆಯೂ ಬಡವಾಗಿಲ್ಲ. ಮಣ್ಣನ್ನು ಸೋಸಿ ಕಲ್ಲು ತೆಗೆದು ಹದಮಾಡಿದ ಒಂದು ಅಂಕಣ. ಮ್ಯಾಟಿನ ಮೇಲೆ ಆಡುವ ಅಭ್ಯಾಸಕ್ಕಾಗಿ ನೆರೆಯ ಶಾಲೆಗಳು ಕೂಡಿ ಕೊಂಡ ಒಂದು ಮ್ಯಾಟು. ಪಾಠದ ಒತ್ತಡ ಬಂದೊಡನೆ ಬೇರೆ ವಿಷಯಕ್ಕೆ ಬಿಟ್ಟುಕೊಡಲಾಗದ ಆಟದ ಒಂದು ಅವಧಿ. ಹುಡುಗರಿಗೆ ಕೊಟ್ಟಷ್ಟೇ ಸಮಯ ಹುಡುಗಿಯರಿಗೂ. ಇವು ದುಬಾರಿಯ ಬೇಡಿಕೆಗಳಲ್ಲ. ಹಳೆಯ ವಿದ್ಯಾರ್ಥಿಗಳಲ್ಲಿ ಆಟ ಬಲ್ಲವರು ವಾರಕ್ಕೊಮ್ಮೆ ಬಂದು ಒಂದು ಗಂಟೆ ಕಲಿಸಿದರೆ ಅದೂ ದಾನವೇ, ರಸೀತಿಯಿಲ್ಲದ ದಾನ.

ಆಟವಾಡುವ ಮಕ್ಕಳೆಲ್ಲರೂ ಹರಾಜಿನಲ್ಲಿ ಲಕ್ಷಗಳನ್ನು ಗಳಿಸುವರೆಂದು ಆಸೆ ತೋರುವುದು ವಂಚನೆಯಾದೀತು. ಸಾವಿರದಲ್ಲಿ ಒಬ್ಬನಿಗೂ ಅದು ದೊರೆಯಲಾರದು. ಉಳಿದವರಿಗೆ ದೊರೆಯುವುದು ಬೇರೆ: ಹಿಡಿತಕ್ಕೆ ಸಿಕ್ಕಾಗ ಗೆರೆಯ ಕಡೆಗೆ ಚಾಚುವ ಕೈ, ಔಟಾದಾಗ ತಕರಾರಿಲ್ಲದೆ ಹೊರಗೆ ನಡೆಯುವ ಕಾಲು, ಜೊತೆಗಾರ ಅಂಕ ತಂದಾಗ ತಿರುಗಿ ಒಳಗೆ ಬರುವ ಸಂತೋಷ. ಸೋತು ಹೊರಗೆ ಕುಳಿತವನನ್ನು ಗೆಳೆಯನ ಗಳಿಕೆ ಮರಳಿ ಕರೆತರುವ ಆಟ ಇದು. ಏಳು ಅಂಕಗಳ ಹಿಂದೆ ಬಿದ್ದರೂ ಉಳಿದ ಇಪ್ಪತ್ತು ನಿಮಿಷಗಳು ತಮ್ಮವೇ ಎಂಬ ಅರಿವು ಹಳ್ಳಿಯ ಮಗುವಿಗೆ ಪರೀಕ್ಷೆಯಲ್ಲಿಯೂ ಬಾಳಿನಲ್ಲಿಯೂ ಬೇಕಾದೀತು. ಅದನ್ನು ಕಲಿಸಲು ಬೇಕಾದುದು ಒಂದೂಕಾಲು ಗುಂಟೆ ನೆಲ. ದಾನಿಗಳೂ ಅಧ್ಯಾಪಕರೂ ಮುಂದಿನ ಕಟ್ಟಡದ ನಕ್ಷೆಯನ್ನು ಬಿಡಿಸುವ ಮೊದಲು ಅಷ್ಟನ್ನು ಅಳೆದು ಗೆರೆ ಎಳೆದು ಬಿಡುವಂತಾಗಲಿ.